ಬಳ್ಳಿಯಾದ ಹುಡುಗ

ಆಂಪೆಲೊಸ್ ಎಂದರೆ ಗ್ರೀಕ್ ಭಾಷೆಯಲ್ಲಿ ದ್ರಾಕ್ಷಿ ಬಳ್ಳಿ. ಗೊಂಚಲಿಗೆ ಬೇರೆ ಪದವಿದೆ. ರಸ ಹುಳಿತು ವೈನ್ ಆದ ಮೇಲೆ ಅದಕ್ಕೆ ‘ಒಯ್ನೊಸ್’ ಎಂಬ ಇನ್ನೊಂದು ಹೆಸರು. ಬಳ್ಳಿಗೆ ಮಾತ್ರ ಆಂಪೆಲೊಸ್. ಇದೇ ಹೆಸರಿನ ಹುಡುಗನೊಬ್ಬ ಗ್ರೀಕ್ ಪುರಾಣದಲ್ಲಿದ್ದಾನೆ. ಅವನು ವೈನಿನ ದೇವರು ಡಯೊನಿಸಸ್‌ನ ಪ್ರಾಣಮಿತ್ರ, ಸ್ಯಾಟಿರ್ ಕುಲದವನು, ಮೀಸೆ ಚಿಗುರುವ ಮೊದಲೇ ಸತ್ತವನು. ಹುಡುಗನಿಂದ ಬಳ್ಳಿಗೆ ಹೆಸರು ಬಂತೆನ್ನುತ್ತದೆ ಪುರಾಣ. ಆಗಿರುವುದು ಬಹುಶಃ ಅದರ ತಿರುಗುಮುರುಗು. ಪದ ಹೋಮರನ ಕಾವ್ಯದಲ್ಲೇ ಇದೆ, ಗ್ರೀಕರು ಬರುವ ಮೊದಲು ಆ ನೆಲದಲ್ಲಿದ್ದ ಯಾವುದೋ ಭಾಷೆಯಿಂದ ಉಳಿದು ಬಂದದ್ದಿರಬೇಕೆಂದು ಭಾಷಾತಜ್ಞರು ಊಹಿಸುತ್ತಾರೆ. ಹುಡುಗನ ಕಥೆಯಾದರೋ ಈಗ ಉಳಿದಿರುವ ಸಾಹಿತ್ಯದಲ್ಲಿ ಕಾಣಿಸಿಕೊಳ್ಳುವುದು ಕ್ರಿಸ್ತಶಕದ ಆರಂಭಕ್ಕೆ. ಬಳ್ಳಿ ಮೊದಲು, ಹುಡುಗ ಆಮೇಲೆ. ಅವನ ಕಥೆ ಹೇಳಿದವರಲ್ಲಿ ಮುಖ್ಯರಾದವರು ಇಬ್ಬರೇ. ಅವರ ನಡುವೆ ನಾಲ್ಕು ಶತಮಾನಗಳ ಅಂತರವಿದೆ, ಹುಡುಗ ಹೇಗೆ ಸತ್ತನೆಂಬುದರಲ್ಲೂ ಅವರಿಗೆ ಒಮ್ಮತವಿಲ್ಲ.

ಸ್ಯಾಟಿರ್‌ಗಳೆಂದರೆ ಅರೆ ಮನುಷ್ಯರು, ಅರೆ ಪ್ರಾಣಿಗಳು. ಕ್ರಿ.ಪೂ. 6ನೇ ಶತಮಾನದ ಅಥೆನ್ಸಿನ ಮಡಕೆಗಳ ಮೇಲೆ ಅವರಿಗೆ ಕುದುರೆಯ ಕಿವಿ, ಕುದುರೆಯ ಬಾಲ, ಚಪ್ಪಟೆ ಮೂಗು, ಪೊದೆಯಂಥ ಗಡ್ಡ. ಮೇಕೆಯ ಕಾಲು ಮತ್ತು ಕೊಂಬು ಅಂಟಿಕೊಂಡದ್ದು ಬಹಳ ತಡವಾಗಿ, ಮೇಕೆಗಾಲಿನ ದೇವರು ಪ್ಯಾನ್‌ನೊಂದಿಗೆ ಅವರ ಚಿತ್ರ ಬೆರೆತ ಮೇಲೆ. ಕುಡಿತ, ಕುಣಿತ, ಹೆಣ್ಣುಗಳ ಬೆನ್ನಟ್ಟುವುದು ಅವರ ಕಸುಬೆಂದು ಪ್ರಸಿದ್ಧಿ. ಆದರೆ ಮಡಕೆ ಬರೆದವರು ಅವರನ್ನು ದುಡಿಮೆಗೂ ಹಚ್ಚಿದ್ದಾರೆ. ಜರ್ಮನಿಯ ವುರ್ಟ್ಸ್‌ಬುರ್ಗ್‌ನಲ್ಲಿರುವ, ಅಮಾಸಿಸ್ ಚಿತ್ರಕಾರನದೆನ್ನುವ ಮಡಕೆಯೊಂದರ ಮೇಲೆ ಸ್ಯಾಟಿರ್‌ಗಳ ಗುಂಪು ಗೊಂಚಲು ಕೊಯ್ದು ದ್ರಾಕ್ಷಿ ತುಳಿಯುತ್ತಿದೆ, ಒಬ್ಬ ಕೊಳಲೂದುತ್ತಿದ್ದಾನೆ. ತೋಟದ ಆಳುಗಳ ಸುಗ್ಗಿ ಇದ್ದಂತೆಯೇ ಇದೆ, ಬಾಲವೊಂದು ಹೆಚ್ಚು.

ದುರಂತ ನಾಟಕಗಳು ಮುಗಿದ ಮೇಲೆ ಅಥೆನ್ಸಿನಲ್ಲಿ ಆಡುತ್ತಿದ್ದ ನಗೆಯಾಟಗಳಿಗೆ ಹಿಮ್ಮೇಳವೂ ಇವರದೇ. ಆ ಬಗೆಯ ನಾಟಕಗಳಲ್ಲಿ ಪೂರ್ತಿಯಾಗಿ ಉಳಿದಿರುವುದು ಯೂರಿಪಿಡೀಸನ ‘ಸೈಕ್ಲಾಪ್ಸ್’ ಒಂದೇ. ಅದರಲ್ಲಿ ಸ್ಯಾಟಿರ್‌ಗಳು ಒಕ್ಕಣ್ಣ ರಾಕ್ಷಸ ಪಾಲಿಫೀಮಸ್‌ನ ಗುಲಾಮರಾಗಿ ಕುರಿ ಕಾಯುತ್ತಿರುತ್ತಾರೆ. ಅಲ್ಲಿ ವೈನ್ ಇಲ್ಲ, ಅದೇ ಅವರ ದೊಡ್ಡ ಗೋಳು. ಅಲ್ಲಿಗೆ ಬಂದ ಗ್ರೀಕ್ ವೀರ ಒಡಿಸ್ಯೂಸ್ ತನ್ನ ವೈನ್ ಚೀಲದ ಬಾಯಿ ಬಿಚ್ಚಿದ ಮೇಲೆ ಅವರ ಮುಖ ಅರಳುತ್ತದೆ. ಆ ವೈನ್ ಥ್ರೇಸ್ ಸೀಮೆಯದು. ಹೋಮರನ ಪ್ರಕಾರ ಅಲ್ಲಿನ ಇಸ್ಮರಸ್ ಎಂಬ ಊರಿನ ಮರೋನ್ ಎಂಬ ಪೂಜಾರಿ ಅದನ್ನು ಕೊಟ್ಟಿದ್ದ. ಒಂದು ಬಟ್ಟಲಿಗೆ 20 ಅಳತೆ ನೀರು ಬೆರೆಸಿ ಕುಡಿಯುವಷ್ಟು ಅದು ಗಟ್ಟಿ. ನೀರು ಬೆರೆಸದೆ ಕುಡಿಯುವುದು ಗ್ರೀಕರ ಲೆಕ್ಕದಲ್ಲಿ ನಾಗರಿಕರ ನಡತೆಯಲ್ಲ.

ಆಂಪೆಲೊಸ್‌ನ ಕಥೆಯನ್ನು ಮೊದಲು ಹೇಳುವ ರೋಮನ್ ಕವಿ ಓವಿಡ್ ಅವನನ್ನು ತಂದು ನಿಲ್ಲಿಸುವುದು ಇದೇ ಇಸ್ಮರಸ್ ಬೆಟ್ಟಗಳಲ್ಲಿ. ಓವಿಡ್‌ನ ‘ಫಾಸ್ತಿ’ ರೋಮನ್ ಪಂಚಾಂಗವನ್ನು ಪದ್ಯಕ್ಕಿಳಿಸಿದ ಕೃತಿ. ವರ್ಷದ ಹಬ್ಬಗಳು, ನಕ್ಷತ್ರಗಳ ಉದಯಾಸ್ತ, ಅವುಗಳ ಹಿಂದಿನ ಕಥೆಗಳು ಅದರಲ್ಲಿವೆ. 12 ತಿಂಗಳಲ್ಲಿ ಇಂದಿಗೆ ಉಳಿದಿರುವುದು ಜನವರಿಯಿಂದ ಜೂನ್‌ವರೆಗಿನ 6. ಕೃತಿ ಬರೆಯುತ್ತಿದ್ದಾಗಲೇ ಕ್ರಿ.ಶ. 8ರಲ್ಲಿ ಚಕ್ರವರ್ತಿ ಅಗಸ್ಟಸ್ ಕವಿಯನ್ನು ಕಪ್ಪು ಸಮುದ್ರದ ದಡಕ್ಕೆ ಗಡೀಪಾರು ಮಾಡಿದ. ಮಾರ್ಚ್ ತಿಂಗಳ ಭಾಗದಲ್ಲಿ ನಕ್ಷತ್ರವೊಂದರ ಮಾತು ಬಂದಾಗ ಓವಿಡ್ ಆಂಪೆಲೊಸ್‌ನನ್ನು ನೆನೆಯುತ್ತಾನೆ. ಎಲ್ಲ ಸೇರಿ 8 ಸಾಲು. ಹುಡುಗನ ತಂದೆ ಸ್ಯಾಟಿರ್, ತಾಯಿ ವನದೇವತೆ. ಬ್ಯಾಕಸ್, ಅಂದರೆ ಡಯೊನಿಸಸ್, ಅವನನ್ನು ಮೆಚ್ಚಿ ಎಲ್ಮ್ ಮರಕ್ಕೆ ಹಬ್ಬಿದ ದ್ರಾಕ್ಷಿ ಬಳ್ಳಿಯೊಂದನ್ನು ಕೊಟ್ಟ. ಕೊಂಬೆಯ ಮೇಲಿದ್ದ ಚೆಂದದ ಗೊಂಚಲಿಗೆ ಕೈ ಚಾಚಿದ ಹುಡುಗ ಆಯತಪ್ಪಿ ಬಿದ್ದು ಸತ್ತ. ದೇವರು ಅವನನ್ನೆತ್ತಿ ಆಕಾಶದಲ್ಲಿಟ್ಟ. ಕಥೆ ಅಷ್ಟೇ.

ಈ ಎಂಟು ಸಾಲಿನಲ್ಲಿ ಹುಡುಗ ಬಳ್ಳಿಯಾಗುವುದಿಲ್ಲ, ವೈನ್ ಹುಟ್ಟುವುದಿಲ್ಲ. ಇರುವುದು ತೋಟದಲ್ಲಿ ನಡೆದ ಒಂದು ಅವಘಡ ಮಾತ್ರ. ಅದು ಕವಿಯ ಕಲ್ಪನೆಯ ಅವಘಡವೂ ಅಲ್ಲ. ಇಟಲಿಯ ಎಷ್ಟೋ ಕಡೆ ದ್ರಾಕ್ಷಿಯನ್ನು ಚಪ್ಪರಕ್ಕಲ್ಲ, ಎಲ್ಮ್ ಮತ್ತು ಪಾಪ್ಲರ್ ಮರಗಳಿಗೆ ಹಬ್ಬಿಸುತ್ತಿದ್ದರು. ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ ಬಿಡುವ ಮಲೆನಾಡಿನವರಿಗೆ ಈ ಪದ್ಧತಿಯನ್ನು ಬಿಡಿಸಿ ಹೇಳಬೇಕಿಲ್ಲ. ಕಂಪಾನಿಯಾ ಸೀಮೆಯಲ್ಲಿ ಬಳ್ಳಿಗಳು ಪಾಪ್ಲರ್ ಮರದ ತುದಿ ಮುಟ್ಟುತ್ತಿದ್ದವು. ಗೊಂಚಲು ಕೊಯ್ಯಲು ಗೊತ್ತಾದ ಆಳು ತಾನು ಬಿದ್ದು ಸತ್ತರೆ ಚಿತೆಯ ಖರ್ಚು, ಸಮಾಧಿಯ ಖರ್ಚು ಯಜಮಾನನದೇ ಎಂದು ಕರಾರು ಮಾಡಿಕೊಳ್ಳುತ್ತಿದ್ದನಂತೆ. ಹೀಗೆಂದು ಬರೆದವನು ಕ್ರಿ.ಶ. 1ನೇ ಶತಮಾನದ ಹಿರಿಯ ಪ್ಲಿನಿ. ಓವಿಡ್‌ನ ಹುಡುಗನಿಗೆ ಚಿತೆಯ ಬದಲು ನಕ್ಷತ್ರ ಸಿಕ್ಕಿತು.

ಇನ್ನೊಬ್ಬ ಕವಿ ನೊನ್ನಸ್ ಈಜಿಪ್ಟಿನವನು. ನೈಲ್ ನದಿಯ ದಡದ ಪನೊಪೊಲಿಸ್ ಅವನ ಊರು, ಈಗಿನ ಹೆಸರು ಅಖ್ಮೀಮ್. ಕಾಲ ಕ್ರಿ.ಶ. 5ನೇ ಶತಮಾನ. ರೋಮ್ ಸಾಮ್ರಾಜ್ಯ ಆ ಹೊತ್ತಿಗೆ ಕ್ರೈಸ್ತವಾಗಿತ್ತು. ಯೋಹಾನನ ಸುವಾರ್ತೆಯನ್ನು ಗ್ರೀಕ್ ಪದ್ಯಕ್ಕೆ ತಿರುಗಿಸಿದವನೂ ಇವನೇ ಎನ್ನುತ್ತಾರೆ. ಕಾನಾ ಊರಿನ ಮದುವೆಯಲ್ಲಿ ನೀರು ದ್ರಾಕ್ಷಾರಸವಾದ ಪ್ರಸಂಗವಿರುವುದು ಅದೇ ಸುವಾರ್ತೆಯಲ್ಲಿ. ಅದೇ ಕೈ ಡಯೊನಿಸಸ್‌ನ ಮೇಲೆ ‘ಡಯೊನಿಸಿಯಾಕ’ ಎಂಬ ಮಹಾಕಾವ್ಯವನ್ನೂ ಬರೆಯಿತು. ಅದು ಇಲಿಯಡ್ ಮತ್ತು ಒಡಿಸ್ಸಿ ಎರಡರ ಸರ್ಗಗಳನ್ನು ಕೂಡಿದರೆ ಎಷ್ಟೋ ಅಷ್ಟು, ಅಂದರೆ 48 ಸರ್ಗ, 20 ಸಾವಿರಕ್ಕೂ ಮೀರಿದ ಸಾಲು. ಅದರ ಬಹುಭಾಗ ಡಯೊನಿಸಸ್ ಭಾರತದ ಮೇಲೆ ದಂಡೆತ್ತಿ ಬಂದ ಕಥೆ. ಡೆರಿಯಾಡೀಸ್ ಎಂಬ ಭಾರತದ ರಾಜನನ್ನೂ, ಝೀಲಂ ನದಿಯ ಗ್ರೀಕ್ ಹೆಸರು ಹೈಡಾಸ್ಪೀಸನ್ನೂ ಅಲ್ಲಿ ಕಾಣಬಹುದು. ಅಲೆಕ್ಸಾಂಡರ್ ಕ್ರಿ.ಪೂ. 326ರಲ್ಲಿ ಆ ನದಿಯ ದಡದಲ್ಲಿ ಕಾದಿದ್ದು ಇತಿಹಾಸ. ತಮಗಿಂತ ಮೊದಲು ಡಯೊನಿಸಸ್ ಅಲ್ಲಿಗೆ ಬಂದಿದ್ದನೆಂದು ಅವನ ಸೈನಿಕರು ನಂಬಿದ್ದೂ ದಾಖಲಾಗಿದೆ. ಕಾವ್ಯದ ದಂಡಯಾತ್ರೆ ಈ ನಂಬಿಕೆಯ ಮೇಲೆ ಬೆಳೆದದ್ದು.

ದಂಡಯಾತ್ರೆಗೆ ಮೊದಲು ದೇವರ ಕೈಯಲ್ಲಿ ಅಸ್ತ್ರ ಬೇಕಲ್ಲ? ಆ ಅಸ್ತ್ರವೇ ವೈನ್. ಅದು ಹೇಗೆ ಸಿಕ್ಕಿತೆಂದು ಹೇಳಲು ನೊನ್ನಸ್ 10ರಿಂದ 12ನೇ ಸರ್ಗದವರೆಗೆ ಮೀಸಲಿಡುತ್ತಾನೆ. ಸ್ಥಳವೂ ಬದಲು, ಥ್ರೇಸ್ ಅಲ್ಲ, ಈಗಿನ ಟರ್ಕಿಯಲ್ಲಿರುವ ಲಿಡಿಯಾ, ಹೊನ್ನಿನ ಮರಳಿಗೆ ಹೆಸರಾದ ಪ್ಯಾಕ್ಟೊಲಸ್ ನದಿಯ ದಡ. ಡಯೊನಿಸಸ್ ಇನ್ನೂ ತರುಣ, ಹೇಳಿಕೊಳ್ಳಲು ಅವನದೆಂಬ ಕೊಡುಗೆಯಿಲ್ಲ. ಅಥೀನಾ ಆಲಿವ್ ಕೊಟ್ಟಿದ್ದಾಳೆ, ಡಿಮೀಟರ್ ಗೋಧಿ ಕೊಟ್ಟಿದ್ದಾಳೆ, ಇವನ ಕೈ ಖಾಲಿ. ಆಂಪೆಲೊಸ್ ಮತ್ತು ಅವನು ಕುಸ್ತಿಯಾಡುತ್ತಾರೆ, ಓಡುತ್ತಾರೆ, ಈಜುತ್ತಾರೆ. ಕುಸ್ತಿಯಲ್ಲಿ ದೇವರು ಬೇಕೆಂದೇ ಸೋಲುತ್ತಾನೆ. ಆಮೇಲೆ ಅಪಶಕುನ: ಹಾವೊಂದು ಬೆನ್ನ ಮೇಲೆ ಜಿಂಕೆಮರಿಯನ್ನು ಹೊತ್ತು ತಂದು ಬಲಿಗಲ್ಲಿನ ಮೇಲೆ ಕೆಡವುತ್ತದೆ. ಡಯೊನಿಸಸ್‌ಗೆ ಅರ್ಥವಾಗುತ್ತದೆ. ಚಿರತೆ, ಸಿಂಹ, ಕರಡಿ ಯಾವುದಕ್ಕೂ ಅಂಜಬೇಡ, ಗೂಳಿಯ ಕೊಂಬಿನಿಂದ ಮಾತ್ರ ದೂರವಿರು ಎಂದು ಹುಡುಗನಿಗೆ ಹೇಳುತ್ತಾನೆ.

ಬೇಡವೆಂದದ್ದನ್ನೇ ಮಾಡಿಸಲು ಬುದ್ಧಿಗೇಡಿನ ದೇವತೆ ಆಟೀ ಬರುತ್ತಾಳೆ. ನಿನ್ನ ಗೆಳೆಯ ಉಳಿದವರಿಗೆಲ್ಲ ಏನೇನೋ ಕೊಟ್ಟ, ನಿನಗೇನು ಕೊಟ್ಟ ಎಂದು ಓರಗೆಯವನ ವೇಷದಲ್ಲಿ ಚುಚ್ಚುತ್ತಾಳೆ. ಅಷ್ಟರಲ್ಲಿ ಗೂಳಿಯೊಂದು ನೀರು ಕುಡಿಯಲು ಬೆಟ್ಟದಿಂದಿಳಿಯುತ್ತದೆ. ಹುಡುಗ ಜೊಂಡಿನಿಂದ ಮೂಗುದಾರ ಹೆಣೆದು, ಕೊಂಬಿಗೆ ಹೂ ಸುತ್ತಿ ಏರುತ್ತಾನೆ. ಏರಿದವನು ಸುಮ್ಮನಿದ್ದರೆ ಬದುಕುತ್ತಿದ್ದನೇನೋ. ಚಂದ್ರದೇವಿ ಸೆಲೀನಿಯ ರಥಕ್ಕೂ ಎತ್ತುಗಳೇ, ಅವಳಿಗೂ ಕೊಂಬು. ತಲೆಯೆತ್ತಿ ಅವಳನ್ನೇ ಕೆಣಕುತ್ತಾನೆ. ಅವಳು ದನಗಳನ್ನು ಕಚ್ಚುವ ನೊಣವೊಂದನ್ನು ಬಿಡುತ್ತಾಳೆ. ಗೂಳಿ ಹುಚ್ಚೆದ್ದು ಓಡಿ ಅವನನ್ನು ಕೆಡವಿ ಕೊಂಬಿನಲ್ಲಿ ತಿವಿಯುತ್ತದೆ.

ಮುಂದಿನ ಭಾಗದಲ್ಲಿ ನೊನ್ನಸ್ ತೀರಾ ಎಳೆದಾಡುತ್ತಾನೆ. ದುಃಖ, ಸಾಂತ್ವನ, ಸಾಂತ್ವನದೊಳಗೊಂದು ಉಪಕಥೆ, ಋತುದೇವಿಯರು ಸೂರ್ಯನ ಮನೆಗೆ ಹೋಗಿ ಭವಿಷ್ಯ ಕೆತ್ತಿದ ಫಲಕಗಳನ್ನು ಓದುವ ದೀರ್ಘ ಪ್ರಸಂಗ. ಓವಿಡ್ ಎಂಟು ಸಾಲಿನಲ್ಲಿ ಮುಗಿಸಿದ್ದು ಇಲ್ಲಿ ಮೂರು ಸರ್ಗ ತಿಂದರೂ ದ್ರಾಕ್ಷಿ ತೋಟವನ್ನು ಹೆಚ್ಚು ಬಲ್ಲವನು ಓವಿಡ್ ಎಂದೇ ಅನಿಸುತ್ತದೆ. ಆದರೆ ನೊನ್ನಸ್‌ನಲ್ಲಿ ಒಂದು ದೊಡ್ಡ ಮಾತಿದೆ. ಡಯೊನಿಸಸ್ ಅಳುತ್ತಾನೆ. ಆ ದೇವರು ಅದುವರೆಗೆ ಅತ್ತವನಲ್ಲ. ಆಗ ವಿಧಿದೇವತೆಯರಲ್ಲೊಬ್ಬಳಾದ ಆಟ್ರೊಪೊಸ್ ಬಂದು, ನಿನ್ನ ಗೆಳೆಯ ಸತ್ತಿಲ್ಲ, ಪಾತಾಳದ ನದಿಯನ್ನು ದಾಟಿಲ್ಲ ಎನ್ನುತ್ತಾಳೆ. ದೇವರು ಕಣ್ಣೀರಿಟ್ಟದ್ದು ಮನುಷ್ಯರ ಕಣ್ಣೀರು ಒರೆಸುವುದಕ್ಕೆ. ಕಾವ್ಯದ 7ನೇ ಸರ್ಗದಲ್ಲೇ ಇದಕ್ಕೆ ಬೀಜ ಬಿತ್ತಲಾಗಿದೆ. ಅಲ್ಲಿ ಕಾಲಪುರುಷ ಅಯೋನ್ ಮನುಷ್ಯರ ಬಾಳು ಬರೀ ಗೋಳಾಯಿತೆಂದು ದೇವತೆಗಳ ದೊರೆ ಸ್ಯೂಸ್‌ನ ಮುಂದೆ ದೂರಿಕೊಳ್ಳುತ್ತಾನೆ, ಸ್ಯೂಸ್ ಮದ್ದು ಕಳಿಸುವೆನೆಂದು ಮಾತು ಕೊಡುತ್ತಾನೆ. ಆ ಮದ್ದಿಗೆ ತೆತ್ತ ಬೆಲೆ ಆಂಪೆಲೊಸ್.

ಹುಡುಗನ ಹೆಣ ನೋಡನೋಡುತ್ತ ಗಿಡವಾಗುತ್ತದೆ. ಹೊಟ್ಟೆ ಕಾಂಡವಾಗುತ್ತದೆ, ಪಾದ ಬೇರೂರುತ್ತದೆ, ಬೆರಳು ಕುಡಿಯೊಡೆಯುತ್ತದೆ, ಗುಂಗುರು ಕೂದಲು ಗೊಂಚಲಾಗುತ್ತದೆ. ಇನ್ನೊಬ್ಬ ಗೆಳೆಯ ಕಿಸ್ಸೊಸ್ ಐವಿ ಬಳ್ಳಿಯಾಗಿ ಪಕ್ಕದಲ್ಲೇ ಹಬ್ಬುತ್ತಾನೆ. ಕಿಸ್ಸೊಸ್ ಎಂದರೆ ಗ್ರೀಕಿನಲ್ಲಿ ಐವಿ ಎಂದೇ ಅರ್ಥ. ಉಪಕಥೆಯ ಕಾಲಮೊಸ್ ಜೊಂಡಾಗಿ ಬಳ್ಳಿಗೆ ಆಸರೆ ಕೋಲಾಗುತ್ತಾನೆ. ಅವನ ಹೆಸರಿನ ಅರ್ಥವೂ ಜೊಂಡು. ಹೀಗೆ ತೋಟದ ಸಾಮಾನಿಗೆಲ್ಲ ಒಬ್ಬೊಬ್ಬ ಸತ್ತ ಹುಡುಗ ಸಿಗುತ್ತಾನೆ. ಡಯೊನಿಸಸ್ ಹಣ್ಣು ಕಿತ್ತು ಅಂಗೈಯಲ್ಲಿ ಹಿಂಡುತ್ತಾನೆ, ಬೆರಳು ಕೆಂಪಾಗುತ್ತವೆ, ಎತ್ತಿನ ಕೊಂಬಿನಲ್ಲಿ ರಸ ಹಿಡಿದು ಕುಡಿದು ಅಳು ನಿಲ್ಲಿಸುತ್ತಾನೆ. ಆಲಿವ್‌ಗಿಂತ, ಗೋಧಿಗಿಂತ ನನ್ನ ಗಿಡವೇ ಮೇಲೆಂದು ಆ ದುಃಖದಲ್ಲೂ ಜಂಬ ಕೊಚ್ಚುತ್ತಾನೆ.

ಬೆರಗಿನ ಸಂಗತಿಯೆಂದರೆ, ಇಷ್ಟೆಲ್ಲ ಹೇಳಿ ಮುಗಿಸಿದ ಮೇಲೆ ನೊನ್ನಸ್ ಇದಕ್ಕಿಂತ ಹಳೆಯ ಇನ್ನೊಂದು ಕಥೆಯೂ ಇದೆ ಎಂದು ಅದನ್ನೂ ಪಕ್ಕಕ್ಕಿಡುತ್ತಾನೆ. ದೇವತೆಗಳ ನೆತ್ತರು ಸ್ವರ್ಗದಿಂದ ತೊಟ್ಟಿಕ್ಕಿ ಬಂಡೆಯ ಮೇಲೆ ಕಾಡುಬಳ್ಳಿ ತಾನಾಗಿ ಹುಟ್ಟಿತು. ಹಾವೊಂದು ಹಣ್ಣಿನ ರಸ ಹೀರುವುದನ್ನು ಡಯೊನಿಸಸ್ ಕಂಡ. ಬಂಡೆಯನ್ನು ತೊಟ್ಟಿಯಂತೆ ಕಡೆದು, ಗೊಂಚಲು ತುಂಬಿ, ಸ್ಯಾಟಿರ್‌ಗಳನ್ನು ಇಳಿಸಿ ತುಳಿಸಿದ. ಇದರಲ್ಲಿ ಆಂಪೆಲೊಸ್‌ನ ಸುಳಿವೇ ಇಲ್ಲ. ಎರಡರಲ್ಲಿ ಇದು ಹೆಚ್ಚು ಒಕ್ಕಲುತನದ ಕಥೆ. ಬಂಡೆಯಲ್ಲಿ ಕಡೆದ ತುಳಿಯುವ ತೊಟ್ಟಿಗಳು ಪೂರ್ವ ಮೆಡಿಟರೇನಿಯನ್ ಸೀಮೆಯಲ್ಲಿ ಇಂದಿಗೂ ಎಷ್ಟೋ ಕಡೆ ಕಾಣಸಿಗುತ್ತವೆ.

ಎರಡು ಕಥೆಗಳಲ್ಲೂ ಬಿಟ್ಟುಹೋದ ಒಂದು ಹಂತವಿದೆ: ಕಾಯುವುದು. ಹಿಂಡಿದೊಡನೆ ವೈನ್ ಸಿದ್ಧ, ತುಳಿದೊಡನೆ ಸ್ಯಾಟಿರ್‌ಗಳಿಗೆ ಅಮಲು. ತೋಟದಲ್ಲಿ ಹಾಗಾಗುವುದಿಲ್ಲ. ತುಳಿದ ರಸ ಬರೀ ಸಿಹಿ. ಸಿಪ್ಪೆಯ ಮೇಲೂ ತೊಟ್ಟಿಯ ಗೋಡೆಗಳಲ್ಲೂ ಇರುವ ಯೀಸ್ಟ್ ಸಕ್ಕರೆಯನ್ನು ತಿಂದು ಆಲ್ಕೊಹಾಲ್ ಆಗಿ ಒಡೆಯಲು ದಿನಗಳು ಬೇಕು. ಬೆಳಗಿನ ನೀರಾ ಹೊತ್ತೇರುತ್ತ ಹೆಂಡವಾಗುವಂತೆ, ಹೊರಗಿನಿಂದ ಏನೂ ಹಾಕದೆ ರಸ ನೊರೆಯೆದ್ದು ಕುದಿಯತೊಡಗುತ್ತದೆ, ಒಲೆಯಿಲ್ಲದೆ ಬೆಚ್ಚಗಾಗುತ್ತದೆ. ಅದು ಜೀವಿಗಳ ಕೆಲಸವೆಂದು ಲೂಯಿ ಪಾಶ್ಚರ್ ಖಚಿತಪಡಿಸಿದ್ದು 19ನೇ ಶತಮಾನದಲ್ಲಿ. ಅಲ್ಲಿಯವರೆಗೆ ತೊಟ್ಟಿಯೊಳಗೆ ಯಾರೋ ಇದ್ದಾರೆಂದು ಎನಿಸಿದ್ದರೆ ಅದರಲ್ಲಿ ತಪ್ಪೇನಿಲ್ಲ. ಅಥೆನ್ಸಿನವರಂತೂ ಕಾಯುವುದನ್ನೇ ಹಬ್ಬವಾಗಿಸಿದ್ದರು. ಶರತ್ಕಾಲದಲ್ಲಿ ತುಂಬಿಟ್ಟ ಹರವಿಗಳ ಬಾಯಿ ತೆರೆಯುತ್ತಿದ್ದುದು ಫೆಬ್ರವರಿಯ ಸುಮಾರಿಗೆ ಬರುವ ಆಂಥೆಸ್ಟೀರಿಯಾ ಹಬ್ಬದ ಮೊದಲ ದಿನ.

ವೈನಿನ ಹುಟ್ಟಿಗೆ ಗ್ರೀಕರಲ್ಲಿ ಹಕ್ಕುದಾರರು ಇನ್ನೂ ಇದ್ದರು. ಕ್ಯಾಲಿಡಾನ್‌ನ ಜನ ತಮ್ಮ ರಾಜ ಈನಿಯಸ್‌ಗೆ ಡಯೊನಿಸಸ್ ಮೊದಲ ಬಳ್ಳಿ ಕೊಟ್ಟನೆನ್ನುತ್ತಿದ್ದರು. ಲೊಕ್ರಿಸ್ ಸೀಮೆಯಲ್ಲಿ ಒರೆಸ್ಥಿಯಸ್ ಎಂಬವನ ನಾಯಿ ಮರಿಯ ಬದಲು ಕೋಲೊಂದನ್ನು ಈಯಿತು, ಅದನ್ನು ಹೂಳಲು ಬಳ್ಳಿ ಚಿಗುರಿತು. ಅಥೆನ್ಸಿನವರ ಕಥೆ ಮಾತ್ರ ಕಹಿ. ಡಯೊನಿಸಸ್ ತನಗೆ ಅನ್ನವಿಟ್ಟ ಇಕಾರಿಯಸ್ ಎಂಬ ರೈತನಿಗೆ ವೈನ್ ಮಾಡುವುದನ್ನು ಕಲಿಸಿದ. ಅವನು ಅದನ್ನು ಕುರುಬರಿಗೆ ಹಂಚಿದ. ಅವರು ನೀರು ಬೆರೆಸದೆ ಕುಡಿದು, ತಲೆ ಸುತ್ತಿ, ಇವನು ವಿಷವಿಕ್ಕಿದನೆಂದು ಹೊಡೆದು ಕೊಂದರು. ಮಗಳು ಎರಿಗೊನಿ ನಾಯಿಯ ಹಿಂದೆ ಹೋಗಿ ತಂದೆಯ ಹೆಣ ಕಂಡು ನೇಣು ಹಾಕಿಕೊಂಡಳು. ಆಂಪೆಲೊಸ್ ಸಾಯುವುದು ವೈನ್ ಹುಟ್ಟುವ ಮೊದಲು, ಇಕಾರಿಯಸ್ ಸಾಯುವುದು ಹುಟ್ಟಿದ ಮೇಲೆ. ಹೆಣ ಬೀಳದೆ ಮೊದಲ ಬಟ್ಟಲು ತುಂಬಲೊಲ್ಲದು.

ಹುಡುಗ ಬಳ್ಳಿಯಾಗುವ ಕಲ್ಪನೆ ಪೂರ್ತಿ ನೊನ್ನಸ್‌ನದೇ ಎನ್ನಲೂ ಆಗದು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಅಮೃತಶಿಲೆಯ ಶಿಲ್ಪವೊಂದು ಕ್ರಿ.ಶ. 2ನೇ ಶತಮಾನದ್ದು, ಅವನಿಗಿಂತ ಎಷ್ಟೋ ತಲೆಮಾರು ಹಿಂದಿನದು. ಅದರಲ್ಲಿ ಡಯೊನಿಸಸ್‌ನ ಪಕ್ಕ ನಿಂತ ಆಕೃತಿ ಮೇಲರ್ಧ ಮನುಷ್ಯ, ಕೆಳಗೆ ಬಳ್ಳಿಯ ಕಾಂಡ. ಅದನ್ನು ಆಂಪೆಲೊಸ್ ಎಂದು ಕರೆಯುವುದು ವಾಡಿಕೆ. ಆದರೆ ಅದು ಹೆಣ್ಣಿರಬಹುದೆಂದು ವಾದಿಸಿದವರೂ ಇದ್ದಾರೆ. ವ್ಯಾಕರಣವೂ ಅವರ ಕಡೆಗೇ ವಾಲುತ್ತದೆ: ‘ಆಂಪೆಲೊಸ್’ ಗ್ರೀಕಿನಲ್ಲಿ ಸ್ತ್ರೀಲಿಂಗ ಪದ. ದ್ರಾಕ್ಷಿ ತಳಿಗಳನ್ನು ಎಲೆ, ಕುಡಿ, ಗೊಂಚಲಿನ ಆಕಾರದಿಂದ ಗುರುತಿಸುವ ಶಾಸ್ತ್ರಕ್ಕೆ ಈಗಲೂ ಆಂಪೆಲೊಗ್ರಫಿ ಎಂದೇ ಹೆಸರು.

ಮಣ್ಣಿನೊಳಗಿನ ಪುರಾವೆ ಈ ಕಥೆಗಳಿಗಿಂತ ಬಹಳ ಹಿಂದಕ್ಕೆ ಹೋಗುತ್ತದೆ. ಜಾರ್ಜಿಯಾ ದೇಶದ ಗದಾಚ್ರಿಲಿ ಗೋರಾ ಎಂಬ ದಿಬ್ಬದಲ್ಲಿ ಸಿಕ್ಕ ಮಡಕೆ ಚೂರುಗಳಲ್ಲಿ ದ್ರಾಕ್ಷಿಯ ಗುರುತಾದ ಟಾರ್ಟಾರಿಕ್ ಆಮ್ಲದ ಪಸೆ ಇತ್ತು. 2017ರಲ್ಲಿ ಪ್ರಕಟವಾದ ಆ ಅಧ್ಯಯನ ಅದನ್ನು ಕ್ರಿ.ಪೂ. 6000ದ ಸುಮಾರಿನದೆಂದಿತು. ಉತ್ತರ ಗ್ರೀಸಿನ ದಿಕಿಲಿ ತಾಶ್‌ನಲ್ಲಿ ಕ್ರಿ.ಪೂ. 5ನೇ ಸಹಸ್ರಮಾನದ ಮನೆಯೊಂದರಲ್ಲಿ ಹಿಂಡಿದ ದ್ರಾಕ್ಷಿಯ ಸಿಪ್ಪೆ, ಬೀಜ ಸಿಕ್ಕಿವೆ. ಓವಿಡ್‌ನ ಇಸ್ಮರಸ್ ಅಲ್ಲಿಂದ ಪೂರ್ವಕ್ಕಿದೆ. ಡಯೊನಿಸಸ್ ಗ್ರೀಸಿಗೆ ತಡವಾಗಿ ಬಂದ ಪರದೇಶಿ ದೇವರೆಂದು ಪಂಡಿತರು ಬಹುಕಾಲ ನಂಬಿದ್ದರು. 1952ರಲ್ಲಿ ಮೈಕೆಲ್ ವೆಂಟ್ರಿಸ್ ಲೀನಿಯರ್-ಬಿ ಲಿಪಿಯನ್ನು ಓದಿದ ಮೇಲೆ ಕ್ರಿ.ಪೂ. 13ನೇ ಶತಮಾನದ ಮಣ್ಣಿನ ಫಲಕಗಳಲ್ಲೇ ಆ ಹೆಸರು ಸಿಕ್ಕಿ ನಂಬಿಕೆ ಮಗುಚಿತು.

ಕಾಡುದ್ರಾಕ್ಷಿಯ ಬಗ್ಗೆ ಸಸ್ಯಶಾಸ್ತ್ರ ಹೇಳುವ ಎರಡು ಸಂಗತಿಗಳು ಇಬ್ಬರು ಕವಿಗಳಿಗೂ ಅಷ್ಟಿಷ್ಟು ಸಾಕ್ಷಿ ನುಡಿಯುತ್ತವೆ. ಅದು ಹೊಳೆದಂಡೆಯ ದೊಡ್ಡ ಮರಗಳನ್ನು ಅಡರುವ ಬಳ್ಳಿ. ಹಾಗಾಗಿ ತೋಟಗಳಿಲ್ಲದ ಕಾಲದಲ್ಲಿ ಗೊಂಚಲು ಬೇಕೆಂದವರು ಮರ ಹತ್ತಲೇಬೇಕಿತ್ತು, ಹತ್ತಿದವರಲ್ಲಿ ಕೆಲವರು ಬಿದ್ದಿರಲೂ ಬೇಕು. ಅದರಲ್ಲಿ ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ. ಒಂದೇ ಹೂವಿನಲ್ಲಿ ಎರಡೂ ಇರುವ ಅಪರೂಪದ ಬಳ್ಳಿಗಳನ್ನು ಆರಿಸಿ ಮನುಷ್ಯ ಪಳಗಿಸಿದ. ಪಳಗಿಸಿದ್ದನ್ನು ಬೀಜದಿಂದ ಬೆಳೆಸಿದರೆ ತಾಯಿಯ ಗುಣ ಕೈತಪ್ಪುತ್ತದೆ, ಆದ್ದರಿಂದ ಕಡ್ಡಿ ಕತ್ತರಿಸಿ ನೆಡುತ್ತಾರೆ. ಕಡ್ಡಿಯಿಂದ ಬಂದದ್ದು ಮಗುವಲ್ಲ, ಅದೇ ಗಿಡದ ಮುಂದುವರಿಕೆ. ತೋಟದ ಲೆಕ್ಕದಲ್ಲಿ ಹಳೆಯ ಬಳ್ಳಿ ಸಾಯುವುದೇ ಇಲ್ಲ. ಆಟ್ರೊಪೊಸ್ ಹೇಳಿದ್ದೂ ಅದನ್ನೇ.

ಓವಿಡ್‌ನ ಹುಡುಗ ಆಕಾಶದಲ್ಲಿ ಕನ್ಯಾರಾಶಿಯಲ್ಲಿದ್ದಾನೆ. ನೇಣು ಹಾಕಿಕೊಂಡ ಎರಿಗೊನಿಯೇ ಆ ಕನ್ಯೆ ಎಂಬ ಕಥೆಯೂ ಇರುವುದರಿಂದ ವೈನಿನ ಇಬ್ಬರು ಮೃತರು ಒಂದೇ ರಾಶಿಯಲ್ಲಿದ್ದಂತಾಯಿತು. ನಕ್ಷತ್ರಕ್ಕೆ ರೋಮನ್ನರ ಹೆಸರು ವಿಂಡೆಮಿಟರ್, ಅಂದರೆ ದ್ರಾಕ್ಷಿ ಕೊಯ್ಯುವವನು. ಈಗ ಅದರ ಸ್ತ್ರೀಲಿಂಗ ರೂಪವಾದ ವಿಂಡೆಮಿಯಾಟ್ರಿಕ್ಸ್ ಬಳಕೆಯಲ್ಲಿದೆ. ಪ್ಲಿನಿಯ ಪ್ರಕಾರ ಅದು ಆಗಸ್ಟ್ 22ರಂದು ಸೂರ್ಯನಿಗಿಂತ ಮೊದಲು ಪೂರ್ವದಲ್ಲಿ ಕಾಣಿಸಿಕೊಂಡು ಕೊಯ್ಲು ಹತ್ತಿರವಾಯಿತೆಂದು ತಿಳಿಸುತ್ತಿತ್ತು. ಭೂಮಿಯ ಅಕ್ಷ ನಿಧಾನವಾಗಿ ತಿರುಗುತ್ತಿರುವುದರಿಂದ ಆ ಮುಂಜಾವು ಈ ಎರಡು ಸಾವಿರ ವರ್ಷಗಳಲ್ಲಿ ಹತ್ತಿರ ಹತ್ತಿರ ಒಂದು ತಿಂಗಳು ಮುಂದೆ ಸರಿದಿದೆ, ಕೊಯ್ಲಿನ ಆಳುಗಳಿಗೆ ಈಗ ಅದರಿಂದ ಉಪಯೋಗವಿಲ್ಲ. ನೋಡಬೇಕೆನ್ನುವವರಿಗೆ ಏಪ್ರಿಲ್-ಮೇ ತಿಂಗಳ ರಾತ್ರಿಗಳು ಅನುಕೂಲ. ಸ್ವಾತಿ, ಚಿತ್ತಾ, ಉತ್ತರಾ ನಕ್ಷತ್ರಗಳು ನೆತ್ತಿಯ ಸುತ್ತ ದೊಡ್ಡ ತ್ರಿಕೋನವೊಂದನ್ನು ಮಾಡಿರುತ್ತವೆ. ಅದರೊಳಗೆ, ಚಿತ್ತಾದಿಂದ ಉತ್ತರಕ್ಕೆ ಕಣ್ಣು ಹಾಯಿಸಿದರೆ, ಸಾಧಾರಣ ಹೊಳಪಿನ ಹಳದಿ ಚುಕ್ಕೆಯೊಂದು ಕಾಣುತ್ತದೆ.